ಶಾಹೇದಾಳ ಇಬ್ಬರು ಬಡಿಸುವವರು

ಕಂಪ್ಯೂಟರಿಗೆ ಬೈಯುವಾಗಲೂ ಬಹುವಚನ ಬಿಡದವಳು ಬಸವಕಲ್ಯಾಣದಲ್ಲಿ ಒಬ್ಬಳೇ ಇದ್ದಳು, ಶಾಹೇದಾ. "ಏನ್ರೀ ಸಾಹೇಬ್ರ, ಇವತ್ತ ಏಳಂಗಿಲ್ಲೇನ್ರಿ? ಚಾ ತರಸ್ಲೇನು?" ಎಂದು ಪೆಟ್ಟಿಗೆಯ ಬೆನ್ನು ತಟ್ಟುವಳು. ಸಾಹೇಬರು ಏಳುತ್ತಿದ್ದರು.

ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಗಣಿತದಲ್ಲಿ ಸಾಧಾರಣ, ವಾದದಲ್ಲಿ ಅಸಾಧಾರಣ. ಕೋಟೆಯ ದಾರಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಳು. ನಿವೃತ್ತರಾಗುವ ಮಹನೀಯರಿಗೆ ನಾನು ಬರೆಯುವ, ಆ ಮಹನೀಯರೇ ನಂಬಲಾರದ ಬಿನ್ನವತ್ತಳೆಗಳಿಗೆ ಅವಳ ಅಂಗಡಿಯೇ ಗತಿ.

"ಮಾಸ್ತರ್, ‘ಅಜಾತಶತ್ರು’ ಅಂತ ಬರದೀರಿ. ಇವ್ರ ತಮ್ಮನೇ ಇವ್ರ ಮ್ಯಾಲೆ ಕೇಸ್ ಹಾಕ್ಯಾನ. ಇರ್ಲೇನ್ರಿ?"

"ಇರ್ಲಿ" ಎಂದು ಗಂಭೀರವಾಗಿ ಅಪ್ಪಣೆ ಕೊಡುತ್ತಿದ್ದೆ.

ಒಮ್ಮೆ ಹುಮನಾಬಾದಿನ ಛಾಪಖಾನೆಯೊಂದು ಅವಳನ್ನು ಪರೀಕ್ಷಿಸಲು ನಿರ್ಣಾ ಎಂಬ ಊರಿನ ಮದುವೆಯೊಂದರ ಪತ್ರಿಕೆ ಕೊಟ್ಟಿತು. ಮಧ್ಯಾಹ್ನದೊಳಗೆ ಸರಿಯಾಗಿ ಮುಟ್ಟಿಸಿದರೆ ಮುಂದಿನ ಕೆಲಸವೆಲ್ಲ ಅವಳಿಗೆ, ತಪ್ಪಿದರೆ ಬೀದರಿನವರಿಗೆ. ಛಾಪಖಾನೆಯವರು ಪುಟ ಕಟ್ಟುವ ಪ್ರೋಗ್ರಾಮು ಬಹಳ ಹಳೆಯದು. ಪತ್ರಿಕೆ ಅದರಲ್ಲೇ ಆಗಬೇಕು.

ಶಾಹೇದಾ ಹಿಂದಿನ ದಿನವಷ್ಟೇ ಮಷಿನ್ ಹಗುರ ಮಾಡಲು ಹೊರಟು, ಒಳಗೆ ಯಾರ್ಯಾರು ಓಡುತ್ತಿದ್ದಾರೆಂದು ನೋಡಿದ್ದಳು. ಕನ್ನಡ ಟೈಪಿಗೆಂದು ಹಾಕಿಕೊಂಡ ಪುಟ್ಟ ತಂತ್ರಾಂಶ ಒಂದೇ ಹೆಸರಿನಲ್ಲಿ ಎರಡಾಗಿ ಓಡುತ್ತಿತ್ತು. ಒಂದರ ಪಕ್ಕದಲ್ಲಿ ‘೩೨ ಬಿಟ್’ ಎಂದಿತ್ತು. "ಒಂದು ಕೆಲಸಕ್ಕ ಇಬ್ರು ಪಗಾರ ತಗೋಳಾಕತ್ತಾರ" ಎಂದು ಆ ಹಳೇ ಕಾಲದ್ದನ್ನು ಮತ್ತೆ ಏಳದಂತೆ ಬಂದ್ ಮಾಡಿಬಿಟ್ಟಿದ್ದಳು.

ಮರುದಿನ ನಾನು ಹೋದಾಗ, ಹಳೆಯ ಪ್ರೋಗ್ರಾಮಿನಲ್ಲಿ ವರನ ಹೆಸರು ಇಂಗ್ಲಿಷ್ ಅಕ್ಷರಗಳ ಕಸವಾಗಿ ಬೀಳುತ್ತಿತ್ತು. ಹೊಸ ಪ್ರೋಗ್ರಾಮುಗಳಲ್ಲಿ ಮಾತ್ರ ಕನ್ನಡ ಮುತ್ತಿನಂತೆ ಮೂಡುತ್ತಿತ್ತು. ಕೀಲಿಮಣೆ ಬದಲಿಸೆಂದು ನಾನು ಹಿರಿತನದ ಸಲಹೆ ಕೊಟ್ಟೆ. ಅವಳು ಎಂದಿನಂತೆ ಕೇಳಲಿಲ್ಲ. ಹಳೆಯದು, ಹೊಸದು ಎರಡೂ ಪ್ರೋಗ್ರಾಮಿನಲ್ಲಿ ಕೀಲಿ ಬಡಿದು ನೋಡಿದಳು, ಆಮೇಲೆ ಹಣೆ ಬಡಿದುಕೊಂಡಳು.

"ನನ್ನ ಅಕಲಿಗೆ ಬೆಂಕಿ ಹಚ್ರಿ ಮಾಸ್ತರ್! ನಮ್ಮ ದಾವತ್ ಉಂಡೀರಲ್ಲ? ಗಂಡಸರ ಕಡೆ ಬಡಸಾಂವ ಬ್ಯಾರೆ, ಪರದೆ ಹಿಂದ ಹೆಣ್ಮಕ್ಕಳಿಗೆ ಬಡಸಾಕಿ ಬ್ಯಾರೆ. ಬಿರಿಯಾನಿ ಒಂದೇ ದೇಗ್ ಹಂಡೇದು, ಆದ್ರ ಅಕಡಿನವ್ರು ಇಕಡೆ ಕಾಲಿಡಂಗಿಲ್ಲ. ಇಲ್ಲೂ ಹಂಗ ಅದ. ಹಳೀ ಪ್ರೋಗ್ರಾಮಿನೊಳಗ ಆ ೩೨ ಬಿಟ್ಟಿನ ಹಳೀ ನಮೂನಿದೇ ಹೋಗಬೇಕು. ಹೊಸಾದನ್ನ ಒಳಗ ಬಿಟ್ಕೊಳಂಗಿಲ್ಲ. ಬಡಸಾಂವನ್ನ ನಾನೇ ಹೊರಗ ಹಾಕೀನಿ, ಪಂಕ್ತಿ ಉಪಾಸ ಕುಂತದ!"

ಹೊರಗೆ ಹಾಕಿದವನನ್ನು ಮರ್ಯಾದೆಯಿಂದ ಒಳಗೆ ಕರೆದಳು. ವರ ಕನ್ನಡಿಗನಾದ. ಪತ್ರಿಕೆ ಮುಗಿಸಿ ಕಳಿಸುವಷ್ಟರಲ್ಲಿ ಛಾಪಖಾನೆಯ ಮಾಲಕರ ಫೋನು.

"ಆತೇನ್ರಿ ಶಾಹೇದಾ ಬಾಯಿ?"

"ಕಳಿಸೀನಿ, ನೋಡ್ರಿ. ಒಂದು ಕೊಂಬು ತಪ್ಪಿದ್ರ ಇನ್ನೊಮ್ಮೆ ಫೋನ್ ಹಚ್ಚಬ್ಯಾಡ್ರಿ."

ಅವರು ಮರುದಿನವೇ ಫೋನ್ ಹಚ್ಚಿದರು, ಮುಂದಿನ ಕೆಲಸ ಕೊಡಲು. ಬೇರೆಯವರಾದರೆ ತಮ್ಮ ತಪ್ಪನ್ನು ಹೂಳುತ್ತಿದ್ದರು. ಇವಳು ಅಂಗಡಿಗೆ ಬಂದವರಿಗೆಲ್ಲ ಅದನ್ನು ಚಹಾದ ಜೊತೆ ಬಡಿಸಿದಳು.

ಕೊನೆಗೆ ಛಾಪಖಾನೆಯವರು ಪುಟವಿನ್ಯಾಸದ ಇಡೀ ವಿಭಾಗವನ್ನೇ ಅವಳ ಕೈಗೆ ಕೊಟ್ಟು ಹುಮನಾಬಾದಿಗೆ ಕರೆಸಿಕೊಂಡರು. ಅವಳ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳು ತೂಗುತ್ತವೆ. ಮೊನ್ನೆ ಹೊಸ ಬಿನ್ನವತ್ತಳೆಯೊಂದನ್ನು ಹಿಡಿದುಕೊಂಡು, ಕಾಲಿನ ಅಭ್ಯಾಸಬಲದಿಂದ, ಅಲ್ಲಿಗೇ ಹೋಗಿ ನಿಂತೆ.

"ಶಾಹೇದಾ ಆಪಾ ಹುಮನಾಬಾದಕ್ಕ ಹೋದ್ರಲ್ರೀ ಮಾಸ್ತರ್" ಎಂದ ಕವರಿನವನು. "ಅಲ್ಲಿ ಭಾಳ ದೊಡ್ಡವ್ರು ಆಗ್ಯಾರಂತ್ರಿ."

"ಇಲ್ಲೂ ದೊಡ್ಡಾಕಿನೇ ಇದ್ಳಪ್ಪಾ" ಎಂದೆ. ಹುಮನಾಬಾದಿನ ಬಸ್ಸು ಎಷ್ಟಕ್ಕಿದೆಯೆಂದು ಕೇಳಿಕೊಂಡು ಹೊರಟೆ.