ಕೊಸರಿಗೆ ಬಂದ ದೊರೆ

ಚಿತ್ರದುರ್ಗದ ಕಂಬಳಿ ವ್ಯಾಪಾರಿ ಮುರುಗಪ್ಪನವರು ಜೀವಮಾನದಲ್ಲಿ ಎರಡನ್ನು ಕೂಡಿಟ್ಟರು: ಫ್ರೆಂಚರ ಹಳೆಯ ತಾಮ್ರದ ನಾಣ್ಯಗಳು, ಮತ್ತು ಅವಕ್ಕಾಗಿ ಒಂದು ಕಾಸೂ ಬಿಚ್ಚಿಲ್ಲವೆಂಬ ಜಂಬ. ಹೆಚ್ಚು ಹೊಳಪಿದ್ದದ್ದು ಜಂಬಕ್ಕೇ.

ಹೈದರನ ದಂಡಿನ ಜೊತೆ ಬಂದ ಫ್ರೆಂಚ್ ಸಿಪಾಯಿಗಳ ಜೇಬಿನಿಂದ ಉದುರಿದವು ಇವು ಎಂದು ಅವರೇ ತೀರ್ಮಾನಿಸಿದ್ದರು. ಒಂದು ಕಡೆ ಫ್ರೆಂಚ್ ದೊರೆಯ ಮುಖ, ಇನ್ನೊಂದು ಕಡೆ ಮೂರು ಹೂ. ಆ ಹೂಗಳನ್ನು ಬಿಲ್ವಪತ್ರೆಯೆಂದು ಗುರುತಿಸಿ, ದೊರೆಯನ್ನೂ ಶಿವಭಕ್ತರ ಸಾಲಿಗೆ ಸೇರಿಸಿದ್ದರು. ದೊರೆ ತಕರಾರು ಮಾಡಲಿಲ್ಲ.

ಅವರ ಉಪಾಯ ಸರಳ. ಕುರುಬರ ಹಟ್ಟಿಯಲ್ಲಿ ಕಂಬಳಿಯ ಚೌಕಾಸಿ ಮುಗಿಸಿ, ಎದ್ದು ನಿಂತು, ಏನೋ ನೆನಪಾದವರಂತೆ ಹಳೆಯ ನಾಣ್ಯದತ್ತ ಬೆರಳು ತೋರಿಸಿ, "ಕೊಸರಿಗೆ ಆ ಬಿಲ್ಲೆ ಹಾಕ್ರಿ" ಎನ್ನುವುದು. ಬಿಟ್ಟಿಯೆಂದು ಕೊಡುವ ಆ ಕೊಸರಿನ ಬೆಲೆ ಕಂಬಳಿಯ ದರದಲ್ಲೇ ಮೊದಲೇ ಸೇರಿರುತ್ತಿತ್ತು. ಇದು ಹಿರಿಯೂರಿನವರೆಗೆ ಎಲ್ಲ ಹಟ್ಟಿಗೂ ಗೊತ್ತು, ಮುರುಗಪ್ಪನವರೊಬ್ಬರನ್ನು ಬಿಟ್ಟು.

ಹೀಗೆ ಹನ್ನೊಂದು ನಾಣ್ಯ ಬಂದವು. ಹನ್ನೊಂದರಲ್ಲೂ ದೊರೆಯ ಮುಖ ಸವೆದು ಹೋಗಿತ್ತು. ಸೋಮವಾರ ಬೆಂಗಳೂರಿನಿಂದ ನಾಣ್ಯ ಬಲ್ಲ ಅಧಿಕಾರಿಯೊಬ್ಬರು ನೋಡಲು ಬರುವವರಿದ್ದರು. ಮೂಗು ಬಾಯಿ ಸಮೇತ ದೊರೆಯನ್ನು ತೋರಿಸುತ್ತೇನೆಂದು ಮುರುಗಪ್ಪನವರು ಪೇಟೆಯಲ್ಲೆಲ್ಲ ಹೇಳಿಬಿಟ್ಟಿದ್ದರು. ಅಂಥ ನಾಣ್ಯ ಒಂದೇ ಇತ್ತು: ಐಮಂಗಲದ ಕುರುಬರ ಕಾಳಕ್ಕನ ಟಗರಿನ ಕೊರಳಲ್ಲಿ.

"ಹ್ವಾದ ವಾರ ಕಂಬ್ಳಿ ಒಯ್ದ್ರಲ್ಲ ಸಾವ್ಕಾರ್ರೆ, ಮತ್ತೇನು?" ಎಂದಳು ಕಾಳಕ್ಕ.

"ಮನ್ಯಾಗ ಬಾಳ ಚಳಿ ಐತೆ ಕಣವ್ವ." ಬೇಸಿಗೆಯ ನಡುಮಧ್ಯಾಹ್ನ ಅದು.

"ಕಂಬ್ಳಿ ಖಾಲಿ. ಟಗರು ಐತೆ, ಒಯ್ರಿ. ಬೆಚ್ಚಗಿರ್ತೈತೆ."

"ಟಗರು ಕೊಂಡ್ರೆ ಕೊಳ್ಳಾಗಿನ ಬಿಲ್ಲೆ ಕೊಸರಿಗೆ ಬರ್ತೈತಾ?"

"ಬರ್ತೈತೆ. ಆದ್ರೆ ಕುರಿಗೆ ಬ್ಯಾನೆ ಬಂದಾಗ ಹರಕೆ ಹೊತ್ತು ಕಟ್ಟಿದ್ದು. ಈ ಟಗರು ಬದುಕಿರೋ ತನಕ ದಾರ ಬಿಚ್ಚಂಗಿಲ್ಲ. ಬಿಚ್ಚಲ್ಲ ಅಂತ ನಿಮ್ಮ ಕೊಳ್ಳಾಗಿನ ಲಿಂಗ ಮುಟ್ಟಿ ಹೇಳ್ರಿ."

ಮುರುಗಪ್ಪನವರು ಟಗರಿನ ದುಡ್ಡು ಎಣಿಸಿ, ಲಿಂಗ ಮುಟ್ಟಿ ಹೇಳಿದರು. ಬೇರೇನನ್ನು ಮುಟ್ಟಿ ಹೇಳಿದ್ದರೂ ದಾರಿಯಲ್ಲೇ ದಾರ ಬಿಚ್ಚುತ್ತಿದ್ದರು. ಈಗ ಬಿಚ್ಚುವಂತಿಲ್ಲ, ಮಠದ ಶಿಷ್ಯರಾದವರು ಟಗರನ್ನು ಕಡಿಯುವವರಿಗೆ ಮಾರುವಂತೆಯೂ ಇಲ್ಲ. ಇದೆಲ್ಲ ಹೊಳೆದದ್ದು ಬಂಡಿ ಮನೆ ಮುಂದೆ ನಿಂತು, ಬೀದಿಯವರೆಲ್ಲ ಬಾಗಿಲಿಗೆ ಬಂದಾಗ.

ಹೆಂಡತಿ ಅನ್ನಪೂರ್ಣಮ್ಮ ಟಗರನ್ನೂ ಗಂಡನನ್ನೂ ಒಂದೇ ಸಲ ನೋಡಿದಳು. "ಸ್ವಾಮಿಗಳು ಪಾದಪೂಜೆಗೆ ಬಂದ್ರೆ ಇದೇನಂತ ಹೇಳ್ಲಿ?"

"ನಾಣ್ಯ ಅಂತ ಹೇಳು."

ಸೋಮವಾರ ಅಧಿಕಾರಿ ಹನ್ನೊಂದು ನಾಣ್ಯಗಳನ್ನು ಎರಡು ನಿಮಿಷದಲ್ಲಿ ನೋಡಿ ಮುಗಿಸಿದರು. ಹನ್ನೆರಡನೆಯದಕ್ಕೆ ಹಿತ್ತಲಿಗೆ ಹೋಗಿ, ಹಿಕ್ಕೆಯ ನಡುವೆ ಮೊಣಕಾಲೂರಿ, ಭೂತಗನ್ನಡಿ ಹಿಡಿದರು. ಮೂಗು, ಬಾಯಿ, ಗುಂಗುರು ಕೂದಲು, ಎಲ್ಲ ಇತ್ತು.

"ಅಪರೂಪದ್ದು," ಎಂದರು, ಟಗರಿನ ಕೊಂಬಿಗೆ ಸಿಗದಂತೆ ಹಿಂದೆ ಸರಿಯುತ್ತ. "ಏನು ಕೊಟ್ಟಿರಿ?"

"ಕೊಸರಿಗೆ ಬಂತು ಸ್ವಾಮಿ," ಎಂದರು ಮುರುಗಪ್ಪನವರು, ಎದೆಯುಬ್ಬಿಸಿ.

ಅಡುಗೆಮನೆಯಿಂದ ಅನ್ನಪೂರ್ಣಮ್ಮ ಕೂಗಿದಳು: "ಹುರುಳಿ ಬೆಂದೈತೆ ಬರ್ರಿ, ದೊರೆ ಹಸ್ಕಂಡೈತೆ."

ಟಗರು ಮತ್ತೆ ಒಂಬತ್ತು ವರ್ಷ ಬದುಕಿತು. ಹುರುಳಿಯ ಖರ್ಚನ್ನು ಮುರುಗಪ್ಪನವರು ನಾಣ್ಯದ ಲೆಕ್ಕಕ್ಕೆ ಸೇರಿಸಲಿಲ್ಲ.