ಎರಡು ಸೆಕೆಂಡ್ ನಿಲ್ಲು

ಎರಡು ಸಾವಿರದ ಇಸವಿಯ ಆಸುಪಾಸಿನ ವರ್ಷಗಳವು. ನಮ್ಮ ಆಫೀಸೆಂದರೆ ಇಂದಿರಾನಗರದಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ಹಳೆಯ ಬಂಗಲೆ. ನನ್ನ ಮೇಜು ಒಂದು ಕಾಲಕ್ಕೆ ಅಡುಗೆಮನೆಯಾಗಿದ್ದ ಕೋಣೆಯಲ್ಲಿ, ಸಿಂಕಿನ ಪಕ್ಕ. ನೂರಾರು ಫೈಲುಗಳಲ್ಲಿ ಬರೆದ ಕೋಡನ್ನು ಜೋಡಿಸಿ ಪ್ರೋಗ್ರಾಂ ಕಟ್ಟಿಕೊಡಲು ನಾವೊಂದು ಬಿಟ್ಟಿ ಸಾಫ್ಟ್‌ವೇರ್ ಬಳಸುತ್ತಿದ್ದೆವು. ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದಿತ್ತು, ತಿದ್ದಿ ಕಳಿಸಬಹುದಿತ್ತು. ನಾನು ಬದಲಿಸಿದ ಫೈಲನ್ನು ಅದು ಆಗಾಗ ಗಮನಿಸದೆ ಹಳೆಯದನ್ನೇ ಸೇರಿಸಿಬಿಡುತ್ತಿತ್ತು. ಬೇರೆ ಯಾರಿಗೂ ಹೀಗಾಗುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿ, ಹದಿನೈದು ದಿನ ಅದರ ಕೋಡ್ ಓದಿ, ನಾಲ್ಕು ಸಾಲು ತಿದ್ದಿ, ಅದನ್ನು ನೋಡಿಕೊಳ್ಳುತ್ತಿದ್ದ ದೂರದೇಶದ ಒಬ್ಬರಿಗೆ ಕಳಿಸಿದೆ.

‘ಚೆನ್ನಾಗಿದೆ. ಇದನ್ನು ಪರೀಕ್ಷಿಸುವ ಟೆಸ್ಟನ್ನೂ ಬರೆದು ಕಳಿಸಿ’ ಎಂದು ಉತ್ತರ ಬಂತು. ನಾನು ಮೊದಲ ಪದವನ್ನಷ್ಟೇ ಓದಿಕೊಂಡೆ. ಆಫೀಸಿಗೆಲ್ಲ ಮೈಸೂರ್ ಪಾಕ್ ಹಂಚಿದೆ.

ಭಾನುವಾರ ವಿಮಾನಪುರದ ಕ್ವಾರ್ಟರ್ಸಿನಲ್ಲಿ, ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತು ಟೆಸ್ಟ್ ಬರೆದೆ. ಅದು ತಾನೇ ಫೈಲು ಬದಲಿಸಿ, ಪ್ರೋಗ್ರಾಂ ಕಟ್ಟಿಸಿ, ಹೊಸದು ಬಂತೇ ಎಂದು ನೋಡಬೇಕು. ಓಡಿಸಿದೆ, ಫೇಲ್. ಮತ್ತೆ ಓಡಿಸಿದೆ, ಫೇಲ್. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು: ಕಟ್ಟಿ ಮುಗಿದ ಅದೇ ಸೆಕೆಂಡಿನೊಳಗೆ ಫೈಲು ಬದಲಾದರೆ ಆ ಸಾಫ್ಟ್‌ವೇರಿಗೆ ತಿಳಿಯುತ್ತಲೇ ಇರಲಿಲ್ಲ. ನನ್ನದು ಆತುರದ ಕೈ, ಅದಕ್ಕೇ ನನಗೊಬ್ಬಳಿಗೇ ಈ ಕಾಟ. ತಿದ್ದಿದ ಮೇಲೆ ಮಾತ್ರ ಭಯಭಕ್ತಿಯಿಂದ ನಿಧಾನವಾಗಿ ಕೀಲಿ ಒತ್ತಿ ನೋಡಿದ್ದೆ, ಸರಿಹೋಯಿತು ಅನ್ನಿಸಿತ್ತು. ನನ್ನ ನಾಲ್ಕು ಸಾಲಿನಿಂದ ನಿಜವಾಗಿ ಏನೂ ಆಗಿರಲಿಲ್ಲ.

ಹಂಚಿದ ಮೈಸೂರ್ ಪಾಕ್ ನೆನಪಾಗಿ ನಾಚಿಕೆಯಿಂದ ಮುಖ ಬಿಸಿಯಾಯಿತು. ಟೆಸ್ಟಿನಲ್ಲಿ, ಫೈಲು ಬದಲಿಸುವ ಮುನ್ನ ‘ಎರಡು ಸೆಕೆಂಡ್ ನಿಲ್ಲು’ ಎಂಬ ಒಂದು ಸಾಲು ಸೇರಿಸಿದೆ. ಪಾಸಾಯಿತು.

ಅಪ್ಪ ವಿಮಾನ ಕಾರ್ಖಾನೆಯಲ್ಲಿ, ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಗೇಜುಗಳನ್ನು ಮಾಡುತ್ತಿದ್ದರು. ಕಾಫಿ ಹಿಡಿದು ಬಂದವರು, “ಯಾಕಮ್ಮ, ಮುಖ ಊದಿಸ್ಕೊಂಡಿದ್ದೀಯ?” ಎಂದರು. ನಡೆದದ್ದನ್ನು ಹೇಳಿದೆ, ಸೇರಿಸಿದ ಸಾಲನ್ನೂ ತೋರಿಸಿದೆ.

“ಅಂದ್ರೆ, ಪಾರ್ಟು ಗೇಜಲ್ಲಿ ಕೂರ್ಲಿಲ್ಲ ಅಂತ ಗೇಜನ್ನೇ ಅರ ಹಾಕಿ ಉಜ್ಜಿಬಿಟ್ಟೆ.”

“ಒಂದೇ ಸಾಲು ಅಪ್ಪ. ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗಲ್ಲ, ಸರಿ. ಆದ್ರೆ ಆ ಗೇಜ್ ನಂಬ್ಕೊಂಡು ಇನ್ನೊಬ್ಬ ಕೆಲಸ ಮಾಡ್ತಿರ್ತಾನೆ ಕಣಮ್ಮ,” ಎಂದು ಲೋಟ ಇಟ್ಟು ಹೋದರು.

ಕೆಟ್ಟ ಕೋಪ ಬಂತು. ಕಾಫಿ ಆರಿ ತಣ್ಣಗಾಗುವವರೆಗೂ ಮುಟ್ಟಲಿಲ್ಲ. ಆಮೇಲೆ ಆ ಸಾಲನ್ನು ಅಳಿಸಿದೆ. ನನ್ನ ತಿದ್ದುಪಡಿ ತಪ್ಪು, ಅದನ್ನು ಸೇರಿಸಬೇಡಿ ಎಂದು ಆ ಸಾಫ್ಟ್‌ವೇರ್ ಬಳಸುವವರೆಲ್ಲರೂ ಓದುವ ಮೇಲಿಂಗ್ ಲಿಸ್ಟಿಗೇ ಬರೆದು, ಜೊತೆಗೆ ಫೇಲಾಗುವ ಟೆಸ್ಟನ್ನು ಕಳಿಸಿದೆ. ಸೋಮವಾರ ಆಫೀಸಿನಲ್ಲೂ ಹೇಳಿದೆ. ನಕ್ಕವರು ನಕ್ಕರು.

ವಾರದೊಳಗೆ ಬೇರೆ ಯಾರೋ ದೋಷವನ್ನು ಸರಿಪಡಿಸಿದರು. ಸರಿಹೋಗಿದೆ ಎಂದು ಖಾತ್ರಿ ಮಾಡಿಕೊಂಡದ್ದು ನನ್ನ ಟೆಸ್ಟಿನಿಂದ. ಅದನ್ನು ಸಾಫ್ಟ್‌ವೇರಿನ ಜೊತೆಗೇ ಉಳಿಸಿಕೊಂಡರು.

ಆ ಸುದ್ದಿ ಬಂದ ದಿನ ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದರು.

“ನನ್ ಕೋಡ್ ತಗೊಳ್ಲಿಲ್ಲ ಅಪ್ಪ. ಟೆಸ್ಟ್ ಮಾತ್ರ ಇಟ್ಕೊಂಡ್ರು.”

ಅಪ್ಪ ತಲೆ ಎತ್ತಿದರು. ನಾನು ಇಂಜಿನಿಯರಿಂಗ್ ಪಾಸಾದಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ.

“ಹಾಗಾದ್ರೆ ನಮ್ ಗೇಜ್ ಡಿಪಾರ್ಟ್‌ಮೆಂಟಿಗೇ ಬಂದ್ಬಿಟ್ಟೆ, ಬಿಡು,” ಎಂದರು.