‘ಮುಂದಕ್ಕೆ’ ಮೇಷ್ಟ್ರು

ಲೆಕ್ಕದ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ‘ಮುಂದಕ್ಕೆ’. ಬೋರ್ಡಿನ ತುಂಬ ಭಿನ್ನರಾಶಿ ಬಿಡಿಸಿ, ಕೈಗಂಟಿದ ಸೀಮೆಸುಣ್ಣ ಕೊಡವಿ, “ಅರ್ಥ ಆಯ್ತಾ? ಆಯ್ತು, ಮುಂದಕ್ಕೆ!” ಎನ್ನುವರು, ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಸೊಳ್ಳೆ ಕೂಡ ನುಸುಳುವಂತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ: “ತಲೆನೋವು ಹೇಗಿದೆ? ವಾಸಿ ಆಯ್ತಲ್ಲ, ಸರಿ” ಎಂದು ಚಪ್ಪಲಿ ಮೆಟ್ಟಿ ಹೊರಟರೆ, ಹೆಂಡತಿ ತನ್ನ ತಲೆನೋವನ್ನು ಗೋಡೆಗೆ ಹೇಳಿಕೊಳ್ಳಬೇಕು. ತರಬೇತಿಯ ಸುತ್ತೋಲೆ ಬಂದಾಗಲೆಲ್ಲ, “ನನಗೇನ್ರೀ ಕಲಿಸ್ತಾರೆ? ಎಳೆಯರನ್ನ ಕಳಿಸಿ” ಎಂದು ಅದನ್ನು ಹೆಡ್‌ಮಾಸ್ಟರರ ಕಡೆಗೇ ತಳ್ಳುವರು. ನಿವೃತ್ತಿಯ ವರ್ಷ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಅಲ್ಲಿ ತರಬೇತಿ ಕೊಡಲು ಬಂದಿದ್ದ, ಮಗಳ ವಯಸ್ಸಿನ ಟೀಚರಮ್ಮ ಒಬ್ಬಳು, “ಭಿನ್ನರಾಶಿ ಅಂದ್ರೆ ಹೆದರೋ ಮಗೂಗೆ ಅದನ್ನ ಹೇಗೆ ಹೇಳ್ತೀರಿ ಸರ್?” ಎಂದು ಕೇಳಿ ಸುಮ್ಮನೆ ನಿಂತಳು. ಮೇಷ್ಟ್ರು ತಡವರಿಸಿದರು, ಬೆವರಿದರು. ಅವಳು ಅವಸರಪಡಲಿಲ್ಲ, ಮುಖ ತಿರುಗಿಸಲಿಲ್ಲ, ಕಾದಳು. ಆ ಮೌನದಲ್ಲಿ ಉತ್ತರ ತಾನಾಗಿ ಹೊಳೆಯಿತು. ಜೊತೆಗೆ, ಕೊನೆಯ ಬೆಂಚುಗಳಲ್ಲಿ ಅರ್ಧ ಎದ್ದು, ಬಾಯಿ ತೆರೆದು, ಮತ್ತೆ ಕುಳಿತುಬಿಡುತ್ತಿದ್ದ ಅದೆಷ್ಟೋ ಮಕ್ಕಳ ಮುಖಗಳೂ ನೆನಪಾದವು. ಮರುದಿನ ತರಗತಿಯಲ್ಲಿ “ಅರ್ಥ ಆಯ್ತಾ?” ಎಂದವರೇ ತುಟಿ ಬಿಗಿದು ನಿಂತರು. ಕಾದರು. ಮಕ್ಕಳು ಮುಖ ಮುಖ ನೋಡಿಕೊಂಡವು. ಪಾಪ, ವಯಸ್ಸಾಯಿತು, ಮೇಷ್ಟ್ರು ಮುಂದಿನ ಮಾತು ಮರೆತರೆಂದುಕೊಂಡು, ಇಡೀ ತರಗತಿ ಅವರ ನೆರವಿಗೆ ಬಂದು ಒಕ್ಕೊರಲಿನಿಂದ ಹೇಳಿತು: “ಆಯ್ತು, ಮುಂದಕ್ಕೆ!”